ಎದುರಿಗೆ ಬಂದ ಸೌದೆ ಹೊರೆ

ಆ ಚಿತ್ರದಲ್ಲಿ ಮುಕ್ಕಾಲು ಪಾಲು ಬರೀ ಆಕಾಶ. ಕೆಳಗೆ ಚಪ್ಪಟೆ ಹೊಲ, ಒಂದು ಗಾಳಿಗಿರಣಿ, ಕೆಲವು ಹಸು, ಮತ್ತು ಬೆನ್ನ ಮೇಲೆ ಸೌದೆ ಹೊರೆ ಹೊತ್ತು ನಮ್ಮ ಕಡೆಗೇ ನಡೆದು ಬರುವ, ಬಿಳಿ ಟೊಪ್ಪಿಗೆಯ ಒಬ್ಬ ಹೆಂಗಸು. ಹಿಂದೆ ಯಾವಾಗಲೋ ಹಾಲೆಂಡಿನ ಒಬ್ಬ ಪುಣ್ಯಾತ್ಮ ಬರೆದದ್ದು. ಅದರ ಅಚ್ಚಿನ ಪ್ರತಿ ತಂದುಕೊಟ್ಟು, ಪಡಸಾಲೆಯ ಗೋಡೆ ತುಂಬುವಷ್ಟು ದೊಡ್ಡದಾಗಿ ಬರೆದುಕೊಡಿ ಎಂದು ಡ್ರಾಯಿಂಗ್ ಮೇಷ್ಟ್ರಾದ ನನಗೆ ಹೇಳಿದವರು ಎಣ್ಣೆಗಿರಣಿಯ ಅಂದಾನಪ್ಪನವರು. ಅವರ ಮಗಳನ್ನು ನೋಡಲು ದೊಡ್ಡ ಮನೆತನದವರು ಬರುವವರಿದ್ದರು. ಇಂದಿಗೂ ನೆನೆದರೆ ನನಗೆ ಸಿಟ್ಟು ಬರುತ್ತದೆ.

ಚೌಕಳಿ ಗೆರೆ ಹಾಕಿಕೊಂಡು, ಒಂದೊಂದೇ ಚೌಕವನ್ನು ಹಿಗ್ಗಿಸುತ್ತ ಬರೆದು ಮುಗಿಸಿದೆ. ಅಂದಾನಪ್ಪನವರು ಬಂದು ನೋಡಿ ಮುಖ ಸಿಂಡರಿಸಿದರು.

"ಮೇಷ್ಟ್ರೇ, ಶುಭಕಾರ್ಯದ ಮನೆ ಇದು. ಸೌದೆ ಹೊರೆ ಎದುರಿಗೆ ಬಂದರೆ ಅಪಶಕುನ. ತುಂಬಿದ ಕೊಡ ಹೊರಿಸಿಬಿಡಿ."

"ಬೆನ್ನು ಇಷ್ಟು ಬಗ್ಗಿದೆಯಲ್ಲ ಸಾಹುಕಾರ್ರೇ. ನೀರೆಲ್ಲ ಚೆಲ್ಲಿಹೋಗುತ್ತದೆ."

"ಹಾಗಾದರೆ ನೆಟ್ಟಗೆ ನಿಲ್ಲಿಸಿ."

ನನಗೆ ಮೈಯೆಲ್ಲ ಉರಿಯಿತು. ಚಿತ್ರದ ಜೀವ ಇದ್ದದ್ದೇ ಆ ಬೆನ್ನಿನಲ್ಲಿ. ಹೊಲ ಯಾರದೋ, ಹಸು ಯಾರವೋ, ಅವಳ ಪಾಲಿಗೆ ಬಂದದ್ದು ಹೊರೆ ಒಂದೇ. ಅದನ್ನು ಹೇಳಲೆಂದೇ ಆ ಪುಣ್ಯಾತ್ಮ ಅಷ್ಟು ದೊಡ್ಡ ಆಕಾಶವನ್ನು ಅವಳ ತಲೆಯ ಮೇಲಿಟ್ಟಿದ್ದ. ಇದನ್ನೆಲ್ಲ ಬಿಡಿಸಿ ಹೇಳಿದೆ. ಅಂದಾನಪ್ಪನವರು ಆಕಳಿಸಿ, "ಹಸುವಿಗೊಂದು ಕರುವನ್ನೂ ಸೇರಿಸಿ" ಎಂದರು. ಇಂಥವರ ಹತ್ತಿರ ತಲೆ ಚಚ್ಚಿಕೊಂಡು ಏನು ಸುಖ? ಹೊರೆ ಅಳಿಸಿದೆ, ಬೆನ್ನು ನೆಟ್ಟಗೆ ಮಾಡಿದೆ, ಕೊಡ ಕೊಟ್ಟೆ. ಟೊಪ್ಪಿಗೆ ಹಾಕಿಕೊಂಡು ಆರತಿಗೆ ನಿಂತ ಮುತ್ತೈದೆಯ ಹಾಗೆ ಕಂಡಳು. ಕರು ಮಾತ್ರ ಹಟಕ್ಕೆ ಬಿದ್ದು ಬರೆಯಲಿಲ್ಲ.

ಗಂಡಿನವರು ಬರುವ ದಿನ ಬೆಳಿಗ್ಗೆ ಚಿತ್ರ ತೂಗುಹಾಕಲು ಹೋದೆ. ಅಂದಾನಪ್ಪನವರ ತಾಯಿ ಈರವ್ವ ಒಳಕೋಣೆಯಿಂದ ಬಂದು, ನನ್ನ ಕೈಯಲ್ಲಿದ್ದ ಅಚ್ಚಿನ ಪ್ರತಿ ಇಸಿದುಕೊಂಡು ನೋಡಿದರು. ಆಮೇಲೆ ಗೋಡೆಯ ಕಡೆ ನೋಡಿದರು.

"ಇವಳ ಹೊರೆ ಎಲ್ಲಿ ಹೋಯಿತಪ್ಪ?"

"ಅಪಶಕುನವಂತೆ ಅವ್ವಾರೇ. ನಿಮ್ಮ ಮಗ ತೆಗೆಸಿದರು."

ಈರವ್ವ ಅಚ್ಚಿನ ಪ್ರತಿಯನ್ನು ನನ್ನ ಕೈಗೆ ವಾಪಸು ಕೊಟ್ಟರು. "ಎಂಥ ಶಕುನ. ಈಗ ಬರುತ್ತಾರಲ್ಲ, ಅವರ ಮನೆ ಒಲೆಗೆ ಸೌದೆ ಹೊತ್ತು ಹಾಕಿದವಳು ನಾನು. ಇವನನ್ನು ಸಾಕಿದ್ದೇ ಆ ಹೊರೆ. ಗುರುತು ಹಿಡಿದಾರು ಅಂತ ನನಗೂ ಒಳಗೇ ಇರು ಅಂದಿದ್ದಾನೆ."

ಶಕುನಕ್ಕೆ ಹೆದರುವ ಮನುಷ್ಯ ಎಂದು ಇಷ್ಟು ದಿನ ಬೈದುಕೊಂಡಿದ್ದೆ. ಹಾಗಿದ್ದಿದ್ದರೇ ವಾಸಿಯಿತ್ತು.

ಹೊರಗೆ ಗಾಡಿ ನಿಂತಿತು. ಅಂದಾನಪ್ಪನವರು ಓಡಿಬಂದು, "ಅವ್ವಾ, ಒಳಗೆ ಹೋಗು" ಎಂದು ಪಿಸುಗುಟ್ಟಿದರು. ಈರವ್ವ ಪಡಸಾಲೆಯ ನಡುವಿನ ಕುರ್ಚಿಯಲ್ಲಿ ಹೋಗಿ ಕುಳಿತರು. ಬಂದವರಲ್ಲಿ ಹಿರಿಯ ಹೆಂಗಸೊಬ್ಬರು ಕಣ್ಣು ಕಿರಿದು ಮಾಡಿ, "ನಮ್ಮನೆಗೆ ಸೌದೆ ತರುತ್ತಿದ್ದ ಈರಿ ಅಲ್ಲವಾ ನೀನು?" ಎಂದು ಕೇಳಿದರು.

"ನಾನೇ," ಎಂದರು ಈರವ್ವ. "ಬನ್ನಿ, ಕೂತ್ಕೊಳ್ಳಿ. ಇದು ನನ್ನ ಮಗನ ಮನೆ."

ಆ ಹಿರಿಯಾಕೆ ಒಂದು ಗಳಿಗೆ ನಿಂತು, ಕುರ್ಚಿ ಎಳೆದುಕೊಂಡು ಈರವ್ವನ ಪಕ್ಕದಲ್ಲೇ ಕುಳಿತರು. ಅಂದಾನಪ್ಪನವರು ಮಾತ್ರ ಬಂದವರ ಚಪ್ಪಲಿಗಳನ್ನು ಜೋಡಿಸುತ್ತ ಹೊಸ್ತಿಲ ಹೊರಗೇ ಉಳಿದರು.