ಅರ್ಧ ಬಾನೆಟ್ಟು

ಕಡಲ ಪಕ್ಕದ ಮೂಂಟಾ ಊರಿನ ಲಯಲ್ ನ್ಯಾನ್ಕಿವೆಲ್‌ಗೆ ಭಾನುವಾರ ಬೆಳಿಗ್ಗೆ ಎಂದರೆ ಕಾರು ತೊಳೆಯುವ ಹೊತ್ತು. ಐವತ್ತು ವರ್ಷಗಳಿಂದ ಅದು ತಪ್ಪಿರಲಿಲ್ಲ. ಮದುವೆಯಾದ ಮಾರನೆಯ ದಿನ ಭಾನುವಾರವಾಗಿತ್ತು, ಅವತ್ತೂ ತೊಳೆದಿದ್ದ. ವಲರೂ ಬಂದರಿನಲ್ಲಿ ಗೋಧಿ ತುಂಬಿಡುವ ಸೈಲೋದಲ್ಲಿ ಕೆಲಸ ಗಟ್ಟಿಯಾದ ವರ್ಷ, ಇಪ್ಪತ್ತೊಂದನೇ ವಯಸ್ಸಿನಲ್ಲಿ, ಹೊಚ್ಚಹೊಸದಾಗಿ ಮನೆಗೆ ತಂದಿದ್ದ ಕಡುಹಸಿರು ಹೋಲ್ಡನ್ ಕಾರು ಅದು. ಅದರ ಮೈಯನ್ನು ಅವನಲ್ಲದೆ ಬೇರೆಯವರು ಒರೆಸಿದ್ದಿಲ್ಲ. ಹೆಂಡತಿ ಗ್ಲೆನಿಸ್ ಮರೆತು ಅದರ ಮೇಲೆ ಶಾಪಿಂಗ್ ಚೀಲ ಇಟ್ಟರೂ ಮುಖ ಗಂಟಿಕ್ಕಿಕೊಳ್ಳುತ್ತಿದ್ದ.

ಪ್ರತಿ ಎರಡು ವರ್ಷಕ್ಕೊಮ್ಮೆ ಮೇ ತಿಂಗಳಲ್ಲಿ ಊರಿನಲ್ಲಿ ಹಳೆಯ ಕಾರುಗಳ ಮೆರವಣಿಗೆ ನಡೆಯುತ್ತಿತ್ತು. ಕಾರ್ಖಾನೆಯಿಂದ ಬಂದ ಬಣ್ಣವನ್ನೇ ಉಳಿಸಿಕೊಂಡ ಕಾರುಗಳಿಗೆ ಅಲ್ಲಿ ಬೇರೆಯೇ ಒಂದು ವರ್ಗ. ‘ಮೂಲ ಬಣ್ಣ’ ಎಂದು ಅದರ ಹೆಸರು. ಲಯಲ್ ಅದರಲ್ಲಿ ಏಳು ಸಲ ಗೆದ್ದು ಏಳು ನೀಲಿ ರಿಬ್ಬನ್ನುಗಳನ್ನು ಅಡಿಗೆಮನೆಯ ಗೋಡೆಗೆ ಹೊಡೆದಿದ್ದ. ಆದರೆ ಉಳಿದ ಕಾರುಗಳೆಲ್ಲ ಸೇರುವ ಸಾಮಾನ್ಯ ವರ್ಗದಲ್ಲಿ ಗೆದ್ದದ್ದಕ್ಕೆ ಕೊಡುವ ದೊಡ್ಡ ಕಪ್ಪು ಮಾತ್ರ ಡೆನ್ಜಿಲ್ ಪೆಂಗಿಲಿಯ ಕೆಂಪು ಕಾರಿನ ಪಾಲಾಗುತ್ತಿತ್ತು. ಡೆನ್ಜಿಲ್ ಅಡಿಲೇಡಿಗೆ ಹೋಗಿ ಕಾರಿಗೆ ಹೊಸ ಬಣ್ಣ ಹೊಡೆಸಿಕೊಂಡು ಬರುವವನು. “ಅದು ಕಾರಲ್ಲ, ಲಿಪ್‌ಸ್ಟಿಕ್ಕು” ಎಂದು ಲಯಲ್ ಅವನ ಎದುರಿಗೇ ಹೇಳುತ್ತಿದ್ದ.

ಈ ವರ್ಷ ಫೆಬ್ರವರಿಯಲ್ಲಿ ಲಯಲ್‌ನ ಬಲಭುಜಕ್ಕೆ ಆಪರೇಷನ್ ಆಯಿತು. ಹತ್ತು ವಾರಗಳಿಂದ ಕೈ ಜೋಲಿಯಲ್ಲಿ. ಕಾರನ್ನು ಗ್ಲೆನಿಸ್ ಓಡಿಸುತ್ತಿದ್ದಳು, ಆದರೆ ತೊಳೆಯಲು ಅವಳಿಗೂ ಅಪ್ಪಣೆ ಇರಲಿಲ್ಲ. ಸಮುದ್ರದ ಉಪ್ಪು ಗಾಳಿ, ಹೊಲಗಳ ಧೂಳು, ಕಡಲಹಕ್ಕಿಗಳ ಕೃಪೆ ಎಲ್ಲವೂ ಸೇರಿ ಕಾರಿನ ಮೇಲೆ ಒಂದು ಪದರವೇ ಕೂತುಬಿಟ್ಟಿತ್ತು. ಮೆರವಣಿಗೆಗೆ ಇನ್ನು ಮೂರೇ ವಾರ.

“ರಾಡ್ಡಾ ಮನೆ ಕೆರೆನ್ಸಾ ಗೊತ್ತಲ್ಲ?” ಎಂದು ಗ್ಲೆನಿಸ್ ಒಂದು ಬೆಳಿಗ್ಗೆ ಟೋಸ್ಟಿಗೆ ಬೆಣ್ಣೆ ಸವರುತ್ತಾ ಶುರುಮಾಡಿದಳು. “ಉತ್ತರದ ಗಣಿಯಲ್ಲಿ ಆನೆಯಂಥ ಲಾರಿಗಳನ್ನ ತೊಳೀತಿದ್ಲು. ಈಗ ಊರಿಗೆ ಬಂದು ಕಾರು ಡೀಟೇಲಿಂಗ್ ಮಾಡ್ತಾಳೆ. ಒಂದು ಸಲ ಕರೆಸು.”

“ಡೀಟೇಲಿಂಗ್ ಅಂತೆ! ತೊಳೆಯೋದಕ್ಕೊಂದು ದೊಡ್ಡ ಹೆಸರು. ನನ್ನ ಹಲ್ಲು ಉಜ್ಜೋಕೂ ಒಬ್ಬರನ್ನ ಗೊತ್ತು ಮಾಡ್ತೀಯೇನು?”

“ನಿನ್ನ ಹಲ್ಲು ಹೆಂಗಿದ್ರೂ ಲೋಟದಲ್ಲಿ ನೆನೀತಾ ಇರುತ್ತೆ. ಅದಕ್ಕೆ ಯಾರೂ ಬೇಡ.”

ಲಯಲ್ ಟೋಸ್ಟಿನ ತಟ್ಟೆ ತನ್ನ ಕಡೆ ಎಳೆದುಕೊಂಡ. ಅವನು ಬೇಡ ಅನ್ನಲಿಲ್ಲ ಎಂಬುದನ್ನೇ ಹೂಂ ಎಂದು ತಿಳಿದು ಗ್ಲೆನಿಸ್ ಫೋನು ಮಾಡಿದಳು.

ಮಧ್ಯಾಹ್ನವೇ ಕೆರೆನ್ಸಾ ತನ್ನ ಬಿಳಿ ವ್ಯಾನಿನಲ್ಲಿ ಬಂದಳು. ಮೂವತ್ತರ ಹೆಣ್ಣು, ಬಿಸಿಲಿಗೆ ಸುಟ್ಟ ತೋಳು, ಗಣಿಯ ಬೂಟು. ನಮಸ್ಕಾರ ಹೇಳಿ ನೇರವಾಗಿ ಕಾರಿನ ಹತ್ತಿರ ಹೋದವಳು ಟಾರ್ಚು ಹಿಡಿದು ಕಾಲು ಗಂಟೆ ಸುತ್ತು ಹೊಡೆದಳು. ಸಂತೆಯಲ್ಲಿ ಕುದುರೆಯ ಹಲ್ಲು ನೋಡುವವರ ಹಾಗೆ ಎಂದುಕೊಂಡು ಲಯಲ್ ವರಾಂಡದಿಂದಲೇ ಮೂಗು ಮುರಿದ.

“ಒಂಬೈನೂರು ಡಾಲರ್. ಮೂರು ದಿನದ ಕೆಲಸ” ಎಂದಳು ಕೆರೆನ್ಸಾ.

“ಒಂಬೈನೂರಾ! ಕೇಳಮ್ಮ, ನಾನು ಈ ಕಾರು ತಂದಾಗ—”

“ಆಗ ನಮ್ಮಮ್ಮ ಇನ್ನೂ ಸ್ಕೂಲಿಗೆ ಹೋಗ್ತಿದ್ರು, ಲಯಲ್. ದುಡ್ಡಿನ ಮಾತು ಆಮೇಲಿರಲಿ. ಬಾನೆಟ್ಟಿನ ಬಲ ಅರ್ಧ ಬಿಟ್ಟಿಯಾಗಿ ಮಾಡಿ ತೋರಿಸ್ತೀನಿ. ನೋಡಿ. ಬೇಡ ಅನಿಸಿದ್ರೆ ನನ್ನ ಪಾಡಿಗೆ ನಾನು ಹೋಗ್ತೀನಿ.”

ಬಿಟ್ಟಿ ಎಂದ ಮೇಲೆ ಬೇಡ ಎನ್ನಲು ಲಯಲ್‌ಗೆ ಕಾರಣ ಹೊಳೆಯಲಿಲ್ಲ.

ಅವಳು ಬಾನೆಟ್ಟಿನ ಸರಿಯಾಗಿ ನಡುವೆ ನೀಲಿ ಟೇಪು ಅಂಟಿಸಿದಳು. ಬಾನೆಟ್ಟಿಗೆಲ್ಲ ನೊರೆ ಸಿಂಪಡಿಸಿ, ಮುಟ್ಟದೆ, ಧೂಳು ತಾನೇ ಇಳಿಯಲು ಬಿಟ್ಟಳು. ಆಮೇಲೆ ಹಿಟ್ಟಿನ ಮುದ್ದೆಯಂಥ, ಕೊಳೆ ಎಳೆದುಕೊಳ್ಳುವ ಜೇಡಿಮಣ್ಣನ್ನು ಬಲ ಅರ್ಧದ ಮೇಲೆ ಮಾತ್ರ ಮೆಲ್ಲಗೆ ಜಾರಿಸಿದಳು. ಬಿಳಿ ಮುದ್ದೆ ಕಪ್ಪಾಯಿತು. ಕೊನೆಗೆ ಪಾಲಿಷ್ ಯಂತ್ರ ಗುಂಯ್ಗುಟ್ಟತೊಡಗಿದಾಗ ಅದರ ಹಳದಿ ಮೆತ್ತೆ ಹಸಿರಾಗತೊಡಗಿತು. ಲಯಲ್ ಕುರ್ಚಿಯಿಂದ ಎದ್ದೇಬಿಟ್ಟ.

“ಏಯ್! ನನ್ನ ಬಣ್ಣ ಕಿತ್ತು ಬರ್ತಿದೆಯಲ್ಲ!”

“ಇದು ಸತ್ತ ಬಣ್ಣ. ಜೀವ ಇರೋದು ಕೆಳಗಿದೆ, ಸ್ವಲ್ಪ ತಡೀರಿ.”

ಟೇಪು ಕಿತ್ತಾಗ ಲಯಲ್ ಹತ್ತಿರ ಹೋಗಿ ನಿಂತ. ಬಲಗಡೆ, ಆಳವಾದ ಬಾವಿಯೊಳಗೆ ಬಗ್ಗಿ ನೋಡಿದ ಹಾಗೆ, ಹಸಿರಿನ ಒಳಗೆ ಅವನ ಮುಖ, ಜೋಲಿ ಹಾಕಿದ ಕೈ, ಮೇಲಿನ ಮೋಡ ಎಲ್ಲ ಕಂಡವು. ಷೋರೂಮಿನಿಂದ ಓಡಿಸಿಕೊಂಡು ಬಂದ ದಿನ ಆ ಬಣ್ಣ ಹೀಗೇ ಇತ್ತು. ಅದು ಮಾಸಿದ್ದು ಯಾವಾಗ ಎಂಬುದು ಅವನಿಗೆ ತಿಳಿದೇ ಇರಲಿಲ್ಲ. ದಿನಾ ನೋಡುವ ಕಣ್ಣಿಗೆ ಅದು ಕಾಣಿಸಿರಲಿಲ್ಲ. ಎಡಗಡೆಯ ಅರ್ಧ, ನಿನ್ನೆಯವರೆಗೆ ಅವನು ಹೊಳೆಯುತ್ತದೆ ಎಂದು ನಂಬಿದ್ದ ಅರ್ಧ, ಶಾಲೆಯ ಹಳೇ ಕಪ್ಪುಹಲಗೆಯಂತಿತ್ತು. ಕೆರೆನ್ಸಾ ಅದರ ಮೇಲೆ ಟಾರ್ಚು ಬಿಟ್ಟಳು. ಜೇಡರ ಬಲೆಯ ಹಾಗೆ ಸಾವಿರಾರು ಗೀರುಗಳು, ಎಲ್ಲವೂ ಸುತ್ತು ಸುತ್ತಾಗಿ.

“ಇವೇನು?”

“ಸ್ಪಂಜಿನ ಗೀರು. ಮರಳು ಸ್ಪಂಜಿನೊಳಗೆ ಸಿಕ್ಕೊಳ್ಳುತ್ತೆ. ಗುಂಡಗೆ ಉಜ್ಜಿದ ಹಾಗೆಲ್ಲ ಗೀಚುತ್ತೆ.”

“ಅಂದ್ರೆ… ನಾನೇ ಮಾಡಿದ್ದಾ?”

“ಬೇರೆ ಯಾರಿಗೆ ಮುಟ್ಟೋಕೆ ಬಿಟ್ಟಿದ್ರಿ?” ಅವಳು ಚುಚ್ಚಲೆಂದು ಹೇಳಿದ್ದಲ್ಲ. ಆದರೆ ಲಯಲ್‌ಗೆ ಅದು ಕಪಾಳಕ್ಕೆ ಬಿದ್ದ ಹಾಗಾಯಿತು. ಎರಡೂವರೆ ಸಾವಿರ ಭಾನುವಾರಗಳು.

“ಆಯ್ತಮ್ಮ. ನೀನಿನ್ನು ಹೊರಡು” ಎಂದ.

ಅಲ್ಲಿಂದ ಒಂದು ವಾರ ಆ ಕಾರು ಅರ್ಧ ಬಾನೆಟ್ಟಿನಲ್ಲೇ ಊರೆಲ್ಲ ಓಡಾಡಿತು. ಗ್ಲೆನಿಸ್ ಬೇಕೆಂದೇ ಜನ ಇರುವ ಕಡೆಯೇ ನಿಲ್ಲಿಸುತ್ತಿದ್ದಳು. ಬೇಕರಿಯ ಮುಂದೆ ಪೇಸ್ಟಿ ಕಡುಬು ಕೊಳ್ಳಲು ನಿಂತವರು ಸಾಲು ಬಿಟ್ಟು ಬಂದು ಬಾನೆಟ್ಟು ನೋಡಿ ಹೋಗುತ್ತಿದ್ದರು. ಡೆನ್ಜಿಲ್ ಪೆಂಗಿಲಿಯಂತೂ ರಸ್ತೆಯ ಆಚೆಯಿಂದಲೇ ಕೂಗಿದ:

“ಏನ್ ಗುರು, ಅರ್ಧ ಕ್ಷೌರಕ್ಕೇ ಎದ್ದು ಬಂದ್ಯಾ? ಜೇಬಲ್ಲಿ ಕಾಸಿರ್ಲಿಲ್ವಾ?”

“ನಿನ್ನ ಲಿಪ್‌ಸ್ಟಿಕ್ಕು ಬಿಸಿಲಿಗೆ ಕರಗೀತು, ಹೋಗು” ಎಂದು ಲಯಲ್ ಅಂದನಾದರೂ ದನಿಯಲ್ಲಿ ಕಸುವಿರಲಿಲ್ಲ.

ಶನಿವಾರ ಗ್ಲೆನಿಸ್ ಕ್ವಾಯರಿನಲ್ಲಿ ಹಾಡಲು ಹೋಗಿದ್ದಾಗ ಅವನು ಷೆಡ್ಡಿನಿಂದ ಹಳೆಯ ಪಾಲಿಷ್ ಡಬ್ಬಿ ತೆಗೆದು, ಎಡಗೈಯಲ್ಲಿ ಎಡಗಡೆಯ ಅರ್ಧವನ್ನು ತಿಕ್ಕತೊಡಗಿದ. ಎರಡು ಗಂಟೆ ತಿಕ್ಕಿದ. ಬೆವರಿಳಿಯಿತು, ಬಲಭುಜ ಸುಮ್ಮನಿದ್ದಲ್ಲೇ ಸೆಳೆಯಿತು. ಬಾನೆಟ್ಟಿನ ಮೇಲೆ ಸುಣ್ಣ ಬಳಿದಂಥ ಬಿಳಿ ಕಲೆ ಎದ್ದಿತೇ ಹೊರತು ಹೊಳಪು ಬರಲಿಲ್ಲ. ಗ್ಲೆನಿಸ್ ಬಂದಾಗ ಅವನು ಬಕೆಟ್ಟು ಬೋರಲು ಹಾಕಿಕೊಂಡು ಅದರ ಮೇಲೆ ಕೂತಿದ್ದ.

“ದುಡ್ಡಿನ ಚಿಂತೆ ಅಲ್ಲ ತಾನೇ?” ಅವಳು ಕೇಳಿದಳು.

“ಅಲ್ಲ.” ಲಯಲ್ ಪಾಲಿಷ್ ಡಬ್ಬಿಯ ಮುಚ್ಚಳ ಒತ್ತಿದ: “ಅವಳು ಹೊಳಪು ತಂದ್ರೆ ಅದು ಅವಳ ಹೊಳಪು. ದುಡ್ಡು ಕೊಟ್ಟು ತಂದಿದ್ದು ನನ್ನದು ಹೆಂಗಾಗುತ್ತೆ, ಗ್ಲೆನ್?”

“ನಿನ್ನ ಭುಜ ಕೊಯ್ದು ಹೊಲಿದಿದ್ದು ಯಾರು?”

“ಡಾಕ್ಟರು.”

“ಈಗ ಆ ಭುಜ ಯಾರದು? ಡಾಕ್ಟರ್ದಾ?”

ಲಯಲ್ ಬಟ್ಟೆಯನ್ನು ಡಬ್ಬಿಯ ಮೇಲೆ ಎಸೆದ. ಆಮೇಲೆ ಎದ್ದು ಒಳಗೆ ಹೋಗಿ ತಾನೇ ಫೋನು ಮಾಡಿದ.

“ಕೆರೆನ್ಸಾ? ಒಂಬೈನೂರಕ್ಕೆ ಒಪ್ಪಿದೆ. ಆದ್ರೆ ಒಂದು ಷರತ್ತು. ಮೂರು ದಿನಾನೂ ನಾನು ಪಕ್ಕದಲ್ಲಿ ಇರ್ತೀನಿ. ನನಗೂ ಕೆಲಸ ಕೊಡ್ಬೇಕು.”

“ನಂದೂ ಒಂದು ಷರತ್ತು, ತಾತ. ಆ ಸ್ಪಂಜು ಕಸದ ಬುಟ್ಟಿಗೆ ಹೋಗ್ಬೇಕು.”

ಸೋಮವಾರ ಕೆಲಸ ಶುರುವಾಯಿತು. ಯಂತ್ರ ಅವಳ ಕೈಯಲ್ಲಿ, ಮೆತ್ತನೆಯ ಬಟ್ಟೆ ಅವನ ಎಡಗೈಯಲ್ಲಿ. “ನೇರ, ಲಯಲ್, ನೇರ!” ಎಂದು ಅವಳು ಗದರುತ್ತಿದ್ದಳು. ಅವನ ಕೈ ಅರೆನಿಮಿಷ ನೇರ ಹೋಗಿ ಮತ್ತೆ ಸುತ್ತತೊಡಗುತ್ತಿತ್ತು. ಸಂಜೆಯ ಹೊತ್ತಿಗೆ ಕೈ ಕಲಿಯಿತು. ಗಣಿಯ ಕಥೆ ಅವಳು ಹೇಳಿದಳು, ಸೈಲೋದ ಕಥೆ ಅವನು ಹೇಳಿದ. ಈ ಊರಲ್ಲಿ ಮೂರು ತಿಂಗಳಲ್ಲಿ ತನಗೆ ಸಿಕ್ಕಿದ್ದು ನಾಲ್ಕೇ ಕಾರು ಎಂದು ಅವಳು ನಗುತ್ತಲೇ ಹೇಳಿದ್ದು ಅವನ ಮನಸ್ಸಿನಲ್ಲಿ ಉಳಿಯಿತು.

ಎರಡನೆಯ ದಿನ ಅವಳು ಬಣ್ಣದ ದಪ್ಪ ಅಳೆಯುವ ಪುಟ್ಟ ಯಂತ್ರ ತೆಗೆದಳು. ತೆಳುವಾದ ಕಡೆ ಹೆಚ್ಚು ಉಜ್ಜಿದರೆ ತಗಡೇ ಹೊರಬೀಳುತ್ತದಂತೆ. ಬಾಗಿಲಿಗೆ ಒತ್ತಿದಳು: ನೂರು ಮೈಕ್ರಾನು. ಚಾವಣಿ: ತೊಂಬತ್ತು. ಬಲಗಡೆಯ ಹಿಂಬದಿ: ನೂರಹತ್ತು. ಎಡಗಡೆಯ ಹಿಂಬದಿಗೆ ಒತ್ತಿದವಳು ಹುಬ್ಬೇರಿಸಿ ಮತ್ತೊಮ್ಮೆ ಒತ್ತಿದಳು. ಎಂಟುನೂರು.

“ಇಲ್ಲಿ ಯಾವಾಗ ಗುದ್ದಿದ್ದು?”

“ಗುದ್ದೋದಾ? ಈ ಕಾರಿಗೆ ಒಂದು ಸಣ್ಣ ತರಚೂ ಆಗಿಲ್ಲ. ನಿನ್ನ ಯಂತ್ರ ಕೆಟ್ಟಿದೆ.”

“ಒಳಗೆ ತಗ್ಗು ತುಂಬಿದ ಪುಟ್ಟಿ ಇದೆ, ಮೇಲೆ ಹೊಸ ಬಣ್ಣ ಇದೆ. ಚೆನ್ನಾಗೇ ಮಾಡಿದಾರೆ. ಆದ್ರೆ ಮಾಡಿದಾರೆ.”

“ಕೆಟ್ಟಿದೆ ಅಂದ್ನಲ್ಲ!”

“ಯಂತ್ರ ಕೆಟ್ಟಿಲ್ಲ ಕಣೋ” ಎಂಬ ದನಿ ಹಿಂದಿನಿಂದ ಕೇಳಿಸಿತು. ಗ್ಲೆನಿಸ್ ಚಹಾದ ಟ್ರೇ ಹಿಡಿದು ನಿಂತಿದ್ದಳು. ಅವಳ ಮುಖ ಕೆಂಪಗಾಗಿತ್ತು. “ಎಂಬತ್ತಮೂರರ ಸುಗ್ಗಿ. ನೀನು ಹಗಲೂ ರಾತ್ರಿ ಸೈಲೋದಲ್ಲೇ ಬಿದ್ದಿದ್ದೆ. ನಾನು ನಿಮ್ಮಮ್ಮನ ಮನೆಗೆ ಹೋಗಿದ್ದೆ, ರಿವರ್ಸ್ ತಗೊಂಡೆ, ಗೇಟಿನ ಕಂಬ ಸಿಕ್ತು.”

“ಆ ಕಂಬ ಗಾಳಿಗೆ ಬಿತ್ತು ಅಂತ ಅಮ್ಮ ಹೇಳಿದ್ಲು!”

“ನಿಮ್ಮಮ್ಮ ಏನೇನೋ ಹೇಳಿದ್ರು. ರಿಪೇರಿಯವನನ್ನ ಕರೆಸಿದ್ದೂ ಅವರೇ, ದುಡ್ಡು ಕೊಟ್ಟಿದ್ದೂ ಅವರೇ. ‘ನನ್ನ ಮಗನಿಗೆ ಗೊತ್ತಾದ್ರೆ ಇಬ್ಬರನ್ನೂ ಊರಿಂದಲೇ ಓಡಿಸ್ತಾನೆ’ ಅಂದ್ರು. ನಾಲ್ಕು ದಿನದಲ್ಲಿ ಕಾರು ವಾಪಸ್ ಬಂತು. ಭಾನುವಾರ ನೀನು ತೊಳೆದೆ. ನಿಂಗೆ ಗೊತ್ತೇ ಆಗ್ಲಿಲ್ಲ.”

ಕೆರೆನ್ಸಾ ಯಂತ್ರದ ವೈರು ಸುತ್ತುವ ನೆಪದಲ್ಲಿ ವ್ಯಾನಿನ ಹಿಂದಕ್ಕೆ ಸರಿದಳು. ಲಯಲ್ ಆ ಹಿಂಬದಿಯ ಮೇಲೆ ಎಡ ಅಂಗೈ ಇಟ್ಟ. ನಲವತ್ತು ವರ್ಷ. ಅಷ್ಟು ಭಾನುವಾರ ಆ ಜಾಗವನ್ನೇ ಸವರಿದ್ದ. ಅವನ ತಾಯಿ, ಚರ್ಚಿನಲ್ಲಿ ಮುಂದಿನ ಬೆಂಚಿನಲ್ಲಿ ಕೂರುತ್ತಿದ್ದ ಆ ನೆಟ್ಟನೆಯ ಹೆಂಗಸು, ಮುರಿದ ಕಂಬದ ಎದುರು ನಿಂತು ಗಾಳಿಯನ್ನು ಬೈದದ್ದು ಕಣ್ಣಿಗೆ ಕಟ್ಟಿತು. ಅವನು ಅದೇ ಕೈ ಎತ್ತಿ ಕಾರಿನ ಮೇಲೆ ಬಡಿದ. ಸಿಟ್ಟೆಂದುಕೊಂಡು ಗ್ಲೆನಿಸ್ ಹಿಂದೆ ಸರಿದಳು. ಆದರೆ ಬಂದದ್ದು ನಗು. ಕಾರಿಗೆ ಒರಗಿ, ಭುಜ ನೋಯುತ್ತಿದ್ದರೂ ತಡೆಯಲಾಗದೆ, ಕಣ್ಣಲ್ಲಿ ನೀರು ಬರುವಷ್ಟು ನಕ್ಕ.

“ಗಾಳಿಯಂತೆ! ಎರಡು ದಿನ ರಜ ಹಾಕಿ ಹೊಸ ಕಂಬ ನೆಟ್ಟವನು ನಾನು ಕಣೇ!”

ನಗು ನಿಂತ ಮೇಲೆ ಅವನು ಒಳಗೆ ಹೋಗಿ ಏಳೂ ರಿಬ್ಬನ್ನುಗಳನ್ನು ಗೋಡೆಯಿಂದ ತೆಗೆದ.

“ಲಯಲ್, ಯಾರಿಗೂ ಗೊತ್ತಿಲ್ಲ. ಸುಮ್ನಿರು” ಎಂದಳು ಗ್ಲೆನಿಸ್.

“ನನಗೆ ಗೊತ್ತಲ್ಲ.”

ಮೆರವಣಿಗೆಯ ಕಚೇರಿಯಲ್ಲಿ ರಿಬ್ಬನ್ನು ಮೇಜಿನ ಮೇಲಿಟ್ಟು, ನಡೆದದ್ದನ್ನೆಲ್ಲ ಹೇಳಿ, ಕಾರನ್ನು ಸಾಮಾನ್ಯ ವರ್ಗಕ್ಕೆ ಬರೆಸಿ ಬಂದ. ಅಂದರೆ ಡೆನ್ಜಿಲ್‌ನ ಕೆಂಪು ಕಾರಿನ ಎದುರಿಗೆ. ಸುದ್ದಿ ಊಟದ ಹೊತ್ತಿಗೆ ಊರು ಸುತ್ತಿತು.

“ಏಳು ರಿಬ್ಬನ್ನೂ ಕಳಕೊಂಡು ಎಂಟನೇದಕ್ಕೆ ನನ್ನ ಹತ್ರ ಬಂದ್ಯಾ ಗುರು?” ಎಂದ ಡೆನ್ಜಿಲ್.

“ಹೂಂ ಕಣೋ. ಈ ಸಲ ಕಪ್ಪಿಗೇ ಬಂದಿದೀನಿ.”

ಮೆರವಣಿಗೆಯ ದಿನ ಆಕಾಶ ತೊಳೆದಿಟ್ಟ ಹಾಗಿತ್ತು. ಮೈದಾನದಲ್ಲಿ ನೂರಿಪ್ಪತ್ತು ಕಾರುಗಳು. ಅಡಿಲೇಡಿನಿಂದ ಬಂದ ತೀರ್ಪುಗಾರ್ತಿ ಒಂದೊಂದು ಕಾರಿಗೂ ಎರಡು ನಿಮಿಷ ಕೊಟ್ಟು ಸಾಗುತ್ತಿದ್ದಳು. ಹಸಿರು ಹೋಲ್ಡನ್ನಿನ ಹತ್ತಿರ ಬಂದವಳು ನಿಂತೇಬಿಟ್ಟಳು. ಬಾಗಿಲಿನ ಸಂದು ನೋಡಿದಳು, ಚಕ್ರದ ಕಮಾನಿನೊಳಗೆ ಬಗ್ಗಿದಳು, ಬಾನೆಟ್ಟಿನ ಮೇಲೆ ಓರೆಯಾಗಿ ಕಣ್ಣಾಡಿಸಿದಳು. ಒಂದೂ ಸುತ್ತುಗೀರಿಲ್ಲ.

“ಹೊಸದಾಗಿ ಬಣ್ಣ ಹೊಡೆಸಿದ್ರಾ?”

“ಇಲ್ಲಮ್ಮ. ಐವತ್ತು ವರ್ಷದ ಬಣ್ಣ. ಎಡಗಡೆ ಹಿಂಭಾಗ ಒಂದು ಬಿಟ್ಟು. ಅದು ನಮ್ಮಮ್ಮ ಹೊಡೆಸಿದ್ದು.”

“ಇಷ್ಟು ಹೊಳಪು ನೀವೇ ತಂದ್ರಾ?”

ಲಯಲ್ ಒಂದು ಕ್ಷಣವೂ ತಡಮಾಡಲಿಲ್ಲ. “ಕೆರೆನ್ಸಾ ರಾಡ್ಡಾ ಅಂತ. ಅವಳು ತಂದಳು. ನಾನು ಅವಳ ಶಿಷ್ಯ.”

ಧ್ವನಿವರ್ಧಕದಲ್ಲಿ ಮೂರನೆಯ ಬಹುಮಾನ ಹೇಳಿದರು. ಎರಡನೆಯದು: ಪೆಂಗಿಲಿ, ಕೆಂಪು ಕಾರು. ಗ್ಲೆನಿಸ್ ಗಂಡನ ಎಡಗೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಮೊದಲನೆಯ ಹೆಸರು ಪೂರ್ತಿ ಕೇಳಿಸಲೂ ಇಲ್ಲ. “ನ್ಯಾನ್—” ಎನ್ನುವಷ್ಟರಲ್ಲೇ ಬೇಕರಿಯವರು, ಸೈಲೋದ ಹಳೆಯ ಜೊತೆಗಾರರು, ಕ್ವಾಯರಿನ ಹೆಂಗಸರು ಎಲ್ಲರೂ ಒಟ್ಟಿಗೆ ಕಿರುಚಿದರು. ಡೆನ್ಜಿಲ್ ಟೋಪಿ ತೆಗೆದು ಬಂದು ಕೈ ಕುಲುಕಿದ.

“ಒಪ್ಪಿದೆ ಗುರು” ಎಂದವನು ದನಿ ತಗ್ಗಿಸಿದ. “ಆ ಹುಡುಗಿ ನನ್ನ ಕಾರೂ ಮಾಡ್ತಾಳಾ?”

“ಸಾಲಲ್ಲಿ ನಿಂತ್ಕೊ.”

ಕಪ್ಪನ್ನು ಲಯಲ್ ಒಬ್ಬನೇ ತೆಗೆದುಕೊಳ್ಳಲಿಲ್ಲ. ಗಣಿಯ ಬೂಟಿನಲ್ಲೇ ಬಂದಿದ್ದ ಕೆರೆನ್ಸಾಳನ್ನು ಎಳೆದುಕೊಂಡು ಹೋಗಿ ಕಪ್ಪಿನ ಒಂದು ಹಿಡಿಕೆ ಅವಳಿಗೆ ಹಿಡಿಸಿದ. ಗೆದ್ದ ಕಾರು ಮೆರವಣಿಗೆಯ ಮುಂದೆ ಹೋಗಬೇಕು. ಗ್ಲೆನಿಸ್ ಸ್ಟಿಯರಿಂಗ್ ಹಿಡಿದಳು, ಕೆರೆನ್ಸಾ ಹಿಂದೆ ಕೂತು ಕಪ್ಪನ್ನು ತೊಡೆಯ ಮೇಲಿಟ್ಟುಕೊಂಡಳು. ಜಾರ್ಜ್ ಬೀದಿಯ ಎರಡೂ ಕಡೆ ಜನ ಕಿಕ್ಕಿರಿದಿದ್ದರು. ಗ್ಲೆನಿಸ್ ಹಾರನ್ನಿನ ಮೇಲಿಂದ ಕೈ ತೆಗೆಯಲೇ ಇಲ್ಲ. ಲಯಲ್ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ, ಕೆರೆನ್ಸಾಳ ಫೋನ್ ನಂಬರನ್ನು ಒಂದೊಂದೇ ಅಂಕಿ ಬಿಡಿಸಿ ಬಿಡಿಸಿ, ಬೀದಿಯ ಈ ತುದಿಯಿಂದ ಆ ತುದಿಯವರೆಗೂ ಗಂಟಲು ಹರಿಯುವ ಹಾಗೆ ಕೂಗುತ್ತಾ ಹೋದ.