ಎಂಟುನೂರು ಗ್ರಾಂ ಪಿಸ್ತೂಲು

ಪಿಸ್ತೂಲು ಹೈದರಾಬಾದಿನಿಂದ ಬಂದದ್ದು ಒಂದು ಸೋಮವಾರ. ಹತ್ತು ದಿನ ಇಟ್ಟುಕೊಂಡು ಪರೀಕ್ಷೆ ಮಾಡಿ, ಮನಸ್ಸಿಗೆ ಬಂದರೆ ತೆಗೆದುಕೊಳ್ಳಿ, ಇಲ್ಲದಿದ್ದರೆ ತಿರುಗಿ ಕಳಿಸಿ ಎಂದು ಮಾರುವವರು ಹೇಳಿದ್ದರು. ಲೈಸನ್ಸಿನ ಕಾಗದಪತ್ರಗಳೆಲ್ಲ ಶೂಟಿಂಗ್ ಸಂಘದ ಹೆಸರಿನಲ್ಲಿ ಸರಿಯಾಗಿದ್ದವು. ಸಂಘದ ಕಾರ್ಯದರ್ಶಿ ಮರಿಲಿಂಗಪ್ಪ ಪೆಟ್ಟಿಗೆಯನ್ನು ತಂದು ಮಹಾದೇವಪ್ಪನ ಮುಂದಿಟ್ಟ.

"ಉಸ್ತಾದ್ರ, ಕಮಿಟಿಯವರು ನಿಮ್ಮ ಮಾತಿನ ಮ್ಯಾಲೇ ಬಿಟ್ಟಾರ. ನೀವು ಚಲೋ ಅದ ಅಂದ್ರ ತಗೋತೀವಿ, ಬ್ಯಾಡ ಅಂದ್ರ ವಾಪಸ್. ಒಂದು ರಿಪೋರ್ಟ್ ಬರ್ದು ಕೊಡ್ರಿ, ಸಾಕು."

ಮಹಾದೇವಪ್ಪ ಪೊಲೀಸ್ ಇಲಾಖೆಯಲ್ಲಿ ಮೂವತ್ತೈದು ವರ್ಷ ಬಂದೂಕು ರಿಪೇರಿ ಮಾಡಿ ನಿವೃತ್ತನಾದವನು. ಯಾವ ಬಂದೂಕು ಚಾಲೂ, ಯಾವುದು ಖರಾಬ್ ಎಂದು ಹೇಳಿ ಸಹಿ ಹಾಕುವುದೇ ಅವನ ನೌಕರಿಯಾಗಿತ್ತು. ಅವನ ಸಹಿ ನಂಬಿಕೊಂಡು ಆ ಬಂದೂಕು ಹೆಗಲಿಗೇರಿಸಿ ಹೋದ ಯಾರಿಗೂ ಅದರಿಂದ ಮೋಸವಾಗಿರಲಿಲ್ಲ. ಆ ಒಂದು ವಿಷಯದಲ್ಲಿ ಅವನಿಗೆ ತನ್ನ ಮೇಲೆ ತನಗೇ ಗೌರವವಿತ್ತು. ಈಗ ದಿನಾಲೂ ಸುರಪುರದಿಂದ ಬಸ್ಸು ಹಿಡಿದು ಭೀಮರಾಯನಗುಡಿಗೆ ಬಂದು ಸಂಘದವರಿಗೆ ಗುರಿ ಕಲಿಸುತ್ತಿದ್ದ. ಹಿಂದೆ ಕಾಲುವೆಯ ಏರಿಗೆ ಮಣ್ಣು ತೆಗೆದು ಬಿಟ್ಟಿದ್ದ ದೊಡ್ಡ ತಗ್ಗೊಂದು ಕಾಲುವೆ ನೌಕರರ ಕ್ಯಾಂಪಿನ ಹೊರಗಿತ್ತು. ಮೂರು ಕಡೆ ಆಳೆತ್ತರಕ್ಕೂ ಮೀರಿದ ಮಣ್ಣಿನ ಗೋಡೆ, ಒಂದು ಕಡೆ ತಗಡಿನ ಚಪ್ಪರ. ಅದೇ ಅವರ ಅಭ್ಯಾಸದ ಜಾಗ.

ಪಿಸ್ತೂಲು ಯಾರಿಗಾಗಿ ಬಂದಿದೆ ಎಂದು ಮರಿಲಿಂಗಪ್ಪ ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ.

ಬೋನಾಳದ ಕರೆಮ್ಮ ಕಾಲುವೆ ಕಚೇರಿಯಲ್ಲಿ ಗುಮಾಸ್ತೆ. ವಯಸ್ಸು ಇಪ್ಪತ್ತೆಂಟು. ಐದು ವರ್ಷಗಳ ಹಿಂದೆ ಊಟದ ಬಿಡುವಿನಲ್ಲಿ ಸುಮ್ಮನೆ ನೋಡಲು ಬಂದವಳು, ಒಂದು ಸಲ ಹೊಡೆದು ನೋಡಲೇ ಎಂದು ಕೇಳಿ, ಮೊದಲನೇ ದಿನವೇ ಮಹಾದೇವಪ್ಪನ ಬಾಯಿ ಮುಚ್ಚಿಸಿದ್ದಳು. ಅವಳ ಕೈ ಚಾಚಿದರೆ ಗೂಟಕ್ಕೆ ಕಟ್ಟಿದ ಹಾಗೆ ನಿಲ್ಲುತ್ತಿತ್ತು. ಎರಡು ವರ್ಷಗಳ ಹಿಂದೆ ರಾಜ್ಯಮಟ್ಟದಲ್ಲಿ ಮೂರನೆಯವಳಾಗಿ ಬಂದಾಗ ಕಚೇರಿಯವರು ಅವಳ ಫೋಟೋಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದರು. ಬೋನಾಳದಲ್ಲಿ ಅವಳ ಹೆಸರೇ ಪಿಸ್ತೂಲ ಕರೆಮ್ಮ ಎಂದಾಗಿತ್ತು. ಕಳೆದ ಮಳೆಗಾಲದಲ್ಲಿ ಕೆಲಸ ಮುಗಿಸಿ ಕಾಲುವೆಯ ಏರಿಯ ಮೇಲೆ ಸ್ಕೂಟರಿನಲ್ಲಿ ಮನೆಗೆ ಹೋಗುವಾಗ ಎಮ್ಮೆಯೊಂದು ಅಡ್ಡ ಬಂತು. ಕೆಸರಿನಲ್ಲಿ ಗಾಡಿ ಜಾರಿತು. ಬಿದ್ದವಳು ಬಲಗೈ ಊರಿದಳು. ಗುಲಬರ್ಗಾದಲ್ಲಿ ಮಣಿಕಟ್ಟಿಗೆ ಪ್ಲೇಟು ಹಾಕಿ ಕಳಿಸಿದರು. ಮೂಳೆ ಕೂಡಿತು. ಆದರೆ ಸಂಘದ ಹಳೆಯ ಉಕ್ಕಿನ ಪಿಸ್ತೂಲನ್ನು ಎತ್ತಿ ಎರಡು ಉಸಿರು ಹಿಡಿಯುವಷ್ಟರಲ್ಲಿ ಕೈ ನಡುಗಿ ಕೆಳಗಿಳಿಯುತ್ತಿತ್ತು. ಹಗುರಾದದ್ದು ಸಿಕ್ಕರೆ ಹುಡುಗಿ ಮತ್ತೆ ಏಳುತ್ತಾಳೆ ಎಂದು ಎಲ್ಲರೂ ಅಂದುಕೊಂಡಿದ್ದರು.

ಮಹಾದೇವಪ್ಪ ಕ್ಯಾಂಪಿನ ಕಿರಾಣಿ ಅಂಗಡಿಯ ತಕ್ಕಡಿ ತರಿಸಿ ತೂಗಿದ. ಹಳೆಯದು ಒಂದು ಕಿಲೋ ಇನ್ನೂರೈವತ್ತು ಗ್ರಾಂ. ಹೊಸದು ಬರೀ ಎಂಟುನೂರು. ನಳಿಕೆಯೊಂದೇ ಉಕ್ಕು, ಉಳಿದ ಮೈಯೆಲ್ಲ ಹಗುರ ಲೋಹ. ಐದು ಗುಂಡು ತುಂಬಿದರೆ, ಟ್ರಿಗರ್ ಒತ್ತಿದಂತೆಲ್ಲ ಒಂದೊಂದಾಗಿ ಹಾರಿ, ಖಾಲಿ ಕೊಳವೆಯನ್ನು ತಾನೇ ಹೊರಗೆ ಚಿಮ್ಮಿಸಿ, ಮುಂದಿನ ಗುಂಡನ್ನು ತಾನೇ ಎಳೆದುಕೊಳ್ಳುತ್ತಿತ್ತು. ಅವನು ಪಿಸ್ತೂಲನ್ನು ಮರಳಿನ ಚೀಲದ ಮೇಲೆ ಒರಗಿಸಿ, ಇಪ್ಪತ್ತೈದು ಮೀಟರಿನಿಂದ ಐದು ಗುಂಡು ಹಾರಿಸಿದ. ನಡೆದು ಹೋಗಿ ನೋಡಿದರೆ ಐದೂ ತೂತು ಹೆಬ್ಬೆರಳಿನ ಉಗುರಿನಷ್ಟು ಜಾಗದಲ್ಲಿದ್ದವು. ಮತ್ತೆ ಐದು, ಮತ್ತೆ ಐದು. ಎರಡು ದಿನ ಮುನ್ನೂರು ಗುಂಡು ಹೊಡೆದರೂ ಒಂದೇ ಒಂದು ಸಲ ಸಿಕ್ಕಿಕೊಂಡಿತು, ಅದೂ ಹಳೆಯ ಪೊಟ್ಟಣದ ಗುಂಡಿನಿಂದ. ಇಂಥ ಚೊಕ್ಕ ಕೆಲಸ ಅವನು ಬಹಳ ದಿನಗಳಿಂದ ನೋಡಿರಲಿಲ್ಲ.

ಬುಧವಾರ ಸಂಜೆ ಕಚೇರಿ ಬಿಟ್ಟ ಮೇಲೆ ಕರೆಮ್ಮ ಬಂದಳು. ಸೆರಗು ಸಿಕ್ಕಿಸಿ, ಕಿವಿಗೆ ಮುಚ್ಚಳ ಹಾಕಿಕೊಂಡು, ಪಿಸ್ತೂಲು ಎತ್ತಿದಳು. ಎತ್ತಿದ ಕೈ ಎತ್ತಿದಲ್ಲೇ ನಿಂತಿತು. ಅವಳು ತಿರುಗಿ ಮಹಾದೇವಪ್ಪನ ಮುಖ ನೋಡಿದಳು.

"ಉಸ್ತಾದ್ರ, ಇದಕ್ಕ ತೂಕಾನ ಇಲ್ರೀ!"

ಮೊದಲ ಐದು ಗುಂಡಿಗೆ ಐವತ್ತಕ್ಕೆ ನಲವತ್ತೇಳು. ಒಂಬತ್ತು ತಿಂಗಳ ಮೇಲೆ ಅವಳು ನಕ್ಕದ್ದು ಅವತ್ತೇ. ಚಪ್ಪರದಲ್ಲಿದ್ದ ಮರಿಲಿಂಗಪ್ಪ ಚಪ್ಪಾಳೆ ಹೊಡೆದ. ಮಹಾದೇವಪ್ಪನೂ ನಕ್ಕ, ಆದರೆ ಗುರಿಯ ಕಾಗದ ಬಿಚ್ಚಿ ತಂದು, ಮಡಚಿ ಜೇಬಿನಲ್ಲಿಟ್ಟುಕೊಂಡ. ಅವನಿಗೆ ಗೊತ್ತಿದ್ದ ಒಂದು ಮಾತನ್ನು ಅವತ್ತು ಹೇಳಲಿಲ್ಲ. ಭಾರದ ಪಿಸ್ತೂಲು ತನ್ನ ತೂಕದಿಂದ ತಾನೇ ಅರ್ಧ ನಿಲ್ಲುತ್ತದೆ. ಹಗುರಾದದ್ದನ್ನು ಪೂರ್ತಿ ಕೈಯೇ ನಿಲ್ಲಿಸಬೇಕು. ಬೆರಳಿನ ಸಣ್ಣ ತಪ್ಪನ್ನೂ ಅದು ಕ್ಷಮಿಸುವುದಿಲ್ಲ. ಪ್ರತಿ ಗುಂಡಿಗೂ ಮೂತಿ ಮೇಲಕ್ಕೆ ಜಿಗಿಯುತ್ತದೆ, ಪ್ರತಿ ಸಲವೂ ಅದನ್ನು ಹಿಡಿದು ಇಳಿಸಬೇಕು.

ಗುರುವಾರ ಮೊದಲ ಹತ್ತು ಗುಂಡು ಚೆನ್ನಾಗಿ ಬಿದ್ದವು. ಆಮೇಲಿನವು ಚದುರಿದವು. ಶುಕ್ರವಾರ ಎಂಟನೆಯ ಗುಂಡಿಗೇ ಚದುರಿದವು, ಅದೂ ಎಡಕ್ಕೆ, ಕೆಳಕ್ಕೆ. ಸ್ಪರ್ಧೆಯಲ್ಲಿ ಅರವತ್ತು ಗುಂಡು ಹೊಡೆಯಬೇಕು. ಅದರಲ್ಲಿ ಅರ್ಧ, ಗುರಿ ಮೂರೇ ಸೆಕೆಂಡು ಎದುರಿಗೆ ತಿರುಗಿದಾಗ ಕೈ ಎತ್ತಿ ಹೊಡೆಯುವವು.

"ಹಿಡಿಕಿ ನನ್ನ ಕೈಗೆ ಸರಿ ಕುಂದ್ರವಲ್ದು," ಎಂದಳು ಕರೆಮ್ಮ.

ಅವನು ಮನೆಗೆ ಹೋಗಿ ಸಾಗವಾನಿಯ ತುಂಡು ಹುಡುಕಿ, ಅವಳ ಹಸ್ತದ ಅಳತೆಗೆ ಹೊಸ ಹಿಡಿಕೆ ಕೊರೆದು ತಂದ. ಶನಿವಾರ ಅದನ್ನು ಹಾಕಿ ಹೊಡೆದಳು. ಮತ್ತೆ ಎಡಕ್ಕೆ, ಕೆಳಕ್ಕೆ. "ಟ್ರಿಗರ್ ಗಡಸ ಅದ," ಎಂದಳು. ಅವನು ತೂಕ ಕಟ್ಟಿ ನೋಡಿದ, ನಿಯಮಕ್ಕೆ ಸರಿಯಾಗಿತ್ತು. "ಗುಂಡು ಬದ್ಲಿ ಮಾಡ್ರಿ," ಎಂದಳು. ಬದಲಿ ಮಾಡಿದ. ಒಂದೊಂದು ಕಾರಣ ಬಿದ್ದು ಹೋದಂತೆಲ್ಲ ಅವಳ ಮಾತು ಕಡಿಮೆಯಾಗುತ್ತ ಬಂತು.

ಭಾನುವಾರ ಬೇರೆ ಯಾರೂ ಇರಲಿಲ್ಲ. ಕರೆಮ್ಮ ಬೆಂಚಿನ ಮೇಲೆ ಕೂತು ಮ್ಯಾಗಜಿನ್‌ಗೆ ಗುಂಡು ತುಂಬುತ್ತಿದ್ದಳು. ಒಂದು ಗುಂಡು ಕೆಳಗೆ ಬಿತ್ತು. ಎತ್ತಿಕೊಂಡಳು. ಇನ್ನೊಂದು ಬಿತ್ತು. ಅದು ಬಿದ್ದದ್ದು ಅವಳಿಗೆ ಗೊತ್ತೇ ಆಗಲಿಲ್ಲ. ಇಲ್ಲದ ಗುಂಡನ್ನು ಬೆರಳಿನಿಂದ ಒತ್ತುತ್ತಲೇ ಇದ್ದಳು.

ಮಹಾದೇವಪ್ಪ ಹತ್ತಿರ ಬಂದು ಕೂತ. "ಕೈ ತೋರ್ಸು."

ಅವಳು ಎಡಗೈ ಚಾಚಿದಳು.

"ಅದಲ್ಲ ತಂಗಿ."

ಬಲಗೈ ಹಿಡಿದರೆ ಆ ಬಿಸಿಲಿನಲ್ಲೂ ಬೆರಳ ತುದಿಗಳು ತಣ್ಣಗಿದ್ದವು. ಅವನು ಕಿರುಬೆರಳಿನ ತುದಿಯನ್ನು ಉಗುರಿನಿಂದ ಗಟ್ಟಿಯಾಗಿ ಒತ್ತಿದ. ಅವಳು ದೂರದ ಮಣ್ಣಿನ ಗೋಡೆಯನ್ನು ನೋಡುತ್ತ ಸುಮ್ಮನೆ ಕೂತಿದ್ದಳು. ಪಕ್ಕದ ಬೆರಳನ್ನೂ ಒತ್ತಿದ. ಆಗಲೂ ಅವಳ ಮುಖ ಕದಲಲಿಲ್ಲ.

"ಯಾವಾಗಿಂದ?"

"ಎಲಡು ತಿಂಗ್ಳಾತ್ರಿ. ಗುಲಬರ್ಗಾಕ್ಕ ಒಬ್ಬಾಕೀನ ಹೋಗಿ ತೋರ್ಸಿದೆ. ನರ ಹೋಗ್ಯಾದ, ತಿರುಗಿ ಬರೂದಿಲ್ಲ ಅಂದ್ರು. ಮನ್ಯಾಗೂ ಹೇಳಿಲ್ಲ."

"ನನಗರ ಹೇಳಬೇಕಿತ್ತಲ್ಲ."

"ಹಗುರದ್ದು ಬರ್ತದ ಅಂದ್ರಲ್ರೀ. ಬಂದ್ರ ಹೆಂಗರ ನಡೀತದ ಅನ್ಕೊಂಡೆ."

ಕಾಲುವೆಯಲ್ಲಿ ನೀರು ಬಿಟ್ಟಿದ್ದರು. ಏರಿಯ ಆಚೆಯಿಂದ ಅದರ ಸಪ್ಪಳವೊಂದೇ ಕೇಳುತ್ತಿತ್ತು. ಕರೆಮ್ಮ ಕೆಳಗೆ ಬಿದ್ದ ಗುಂಡನ್ನು ಎಡಗೈಯಿಂದ ಎತ್ತಿ ಬೆಂಚಿನ ಮೇಲಿಟ್ಟಳು.

"ಉಸ್ತಾದ್ರ, ಒಂದು ಮಾತು ಕೇಳ್ತೀನಿ, ಇಲ್ಲ ಅನಬ್ಯಾಡ್ರಿ. ಪಿಸ್ತೂಲು ಖರಾಬ್ ಅದ ಅಂತ ಬರೀರಿ."

ಅವನಿಗೆ ತಕ್ಷಣ ಅರ್ಥವಾಗಲಿಲ್ಲ.

"ಪಿಸ್ತೂಲು ಸರಿ ಇರ್ಲಿಲ್ಲ, ಅದಕ್ಕ ಕರೆಮ್ಮ ಬಿಟ್ಲು ಅಂತಾರ. ಮಂದಿ ಅಷ್ಟು ಅಂದ್ರ ಸಾಕು. ಕೈ ಸತ್ತದ ಅಂತ ಗೊತ್ತಾತಂದ್ರ ಎಲ್ಲಾರೂ ನನ್ನ ಕೈನ ನೋಡ್ತಾರ್ರಿ. ಕಚೇರ್ಯಾಗ ಪೆನ್ನು ಹಿಡಿದ್ರೂ ನೋಡ್ತಾರ. ಉಣ್ಣಾಕ ಕುಂತ್ರೂ ನೋಡ್ತಾರ. ನನ್ನ ಕೈಲಿ ಅದು ಆಗೂದಿಲ್ಲ."

"ನೋಡಮು," ಎಂದಷ್ಟೇ ಹೇಳಿ ಅವನು ಎದ್ದ.

ಸಂಘದಲ್ಲಿ ಇನ್ನೊಬ್ಬ ಹೆಣ್ಣುಮಗಳಿದ್ದಳು, ಅಖ್ತರಬೇಗಂ. ಸುರಪುರದಲ್ಲಿ ಶಾಲೆಯ ಶಿಕ್ಷಕಿ. ಸಣ್ಣ ಮೈಕಟ್ಟು, ಸಣ್ಣ ಹಸ್ತ. ಕಣ್ಣು ಚುರುಕು, ಸಹನೆಯೂ ಬೇಕಾದಷ್ಟು. ಆದರೆ ಹಳೆಯ ಪಿಸ್ತೂಲಿನ ಭಾರಕ್ಕೆ ಅವಳ ತೋಳು ನಲವತ್ತು ಗುಂಡಿಗೇ ಸೋಲುತ್ತಿತ್ತು. ಮಂಗಳವಾರ ಮಹಾದೇವಪ್ಪ ಅವಳ ಕೈಗೆ ಹೊಸದನ್ನು ಕೊಟ್ಟ. ಒಬ್ಬರ ಕೈ ನೋಡಿ ಬಂದೂಕಿನ ಗುಣ ಹೇಳಬಾರದು, ಇನ್ನೊಬ್ಬರ ಕೈಯಲ್ಲೂ ನೋಡಬೇಕು ಎಂಬುದು ಅವನು ನೌಕರಿಯಲ್ಲಿ ಕಲಿತದ್ದು. ನಿಜ ಹೇಳಬೇಕೆಂದರೆ, ಅವಳ ಕೈಯಲ್ಲೂ ಅದು ಕೆಟ್ಟದಾಗಿ ಹೊಡೆಯಲಿ ಎಂದು ಅವನು ಒಳಗೊಳಗೇ ಬಯಸಿದ್ದ. ಹಾಗಾಗಿದ್ದರೆ ಅವನ ಕಷ್ಟ ತಪ್ಪುತ್ತಿತ್ತು. ಅಖ್ತರಬೇಗಂ ಅರವತ್ತೂ ಗುಂಡು ಹೊಡೆದಳು. ಕೊನೆಯ ಐದು, ಮೊದಲ ಐದಕ್ಕಿಂತ ಚೆನ್ನಾಗಿದ್ದವು.

ಅವಳು ಪಿಸ್ತೂಲನ್ನು ಮೇಜಿನ ಮೇಲಿಟ್ಟು, ಖುಷಿಪಡಬೇಕೋ ಬೇಡವೋ ತಿಳಿಯದೆ ನಿಂತಳು. "ಕರೆಮ್ಮಗ ಈ ಕಾಗದ ತೋರಸಬ್ಯಾಡ್ರಿ ಉಸ್ತಾದ್," ಎಂದಳು.

ರಿಪೋರ್ಟನ್ನು ಮಹಾದೇವಪ್ಪ ಬುಧವಾರ ಬೆಳಿಗ್ಗೆ ಮನೆಯ ಕಟ್ಟೆಯ ಮೇಲೆ ಕೂತು ಬರೆದ. ಮೊದಲು ಒಂದು ಹಾಳೆಯಲ್ಲಿ "ಸ್ಪರ್ಧೆಗೆ ಯೋಗ್ಯವಲ್ಲ" ಎಂದು ಬರೆದು ನೋಡಿದ. ಕಾರಣ ಎಂಬಲ್ಲಿ ಕೈ ನಿಂತಿತು. ಟ್ರಿಗರ್ ಎನ್ನಲೇ? ನಳಿಕೆ ಎನ್ನಲೇ? ಏನು ಬರೆದರೂ ಮಾರುವವರು ಬಿಚ್ಚಿ ನೋಡಿದರೆ ಸುಳ್ಳು ಎಂದು ಗೊತ್ತಾಗುತ್ತದೆ ಎಂದು ಅಂಜಿಕೊಂಡನೋ, ಅಖ್ತರಬೇಗಂಗೆ ಅನ್ಯಾಯವಾಗುತ್ತದೆ ಎಂದುಕೊಂಡನೋ, ಅಥವಾ ಮೂವತ್ತೈದು ವರ್ಷದ ಸಹಿ ಕೆಡುತ್ತದೆ ಎಂಬ ಹಮ್ಮೋ, ಅವನಿಗೇ ಆಮೇಲೆ ಬಿಡಿಸಿ ಹೇಳಲು ಬರಲಿಲ್ಲ. ಹಾಳೆ ಹರಿದ. ಇನ್ನೊಂದರಲ್ಲಿ ಬರೀ ಪಿಸ್ತೂಲಿನ ವಿಷಯ ಬರೆದ. ತೂಕ ಇಷ್ಟು, ಮರಳಿನ ಚೀಲದ ಮೇಲೆ ಹೀಗೆ, ಸಿಕ್ಕಿಕೊಂಡದ್ದು ಒಮ್ಮೆ, ಗಟ್ಟಿಯಾದ ಕೈಯವರಿಗೆ ಸ್ಪರ್ಧೆಗೆ ಯೋಗ್ಯ. ಕರೆಮ್ಮನ ಹೆಸರು ಎಲ್ಲಿಯೂ ಬರೆಯಲಿಲ್ಲ. ಹೆಸರಿಲ್ಲದಿದ್ದರೆ ಅವಳ ಮಾತು ಬರುವುದಿಲ್ಲ ಎಂದು ನಂಬಿಕೊಂಡು, ಭೀಮರಾಯನಗುಡಿಯ ಮೇಲೆ ಹೋಗುವ ಶಹಾಪುರದ ಬಸ್ಸು ಹತ್ತಿದ.

ಸಭೆ ಸಂಘದ ಕೋಣೆಯಲ್ಲಿ ನಡೆಯಿತು. ಕಮಿಟಿಯವರು ಆರೇಳು ಜನ ಇದ್ದರು. ಆಟಗಾರರನ್ನೂ ಕರೆದಿದ್ದರಿಂದ ಕರೆಮ್ಮ ಗೋಡೆಗೆ ಹತ್ತಿದ ಬೆಂಚಿನಲ್ಲಿ, ಬಲಗೈಯನ್ನು ಸೆರಗಿನೊಳಗಿಟ್ಟುಕೊಂಡು ಕೂತಿದ್ದಳು. ಮಹಾದೇವಪ್ಪ ಒಳಗೆ ಬಂದಾಗ ಅವಳು ಒಮ್ಮೆ ಕಣ್ಣೆತ್ತಿ ನೋಡಿದಳು. ಅವನು ನೋಡಲಿಲ್ಲ.

ಮರಿಲಿಂಗಪ್ಪ ರಿಪೋರ್ಟನ್ನು ಗಟ್ಟಿಯಾಗಿ ಓದಿದ. ಮುಗಿಸಿ, ಖುಷಿಯಿಂದ ಕಾಗದ ಮಡಚಿದ.

"ಅಂದ್ರ ಚಲೋ ಅದ. ತಗೊಳ್ಳಾಕ ಅಡ್ಡಿ ಇಲ್ಲ." ಆಮೇಲೆ ಏನೋ ನೆನಪಾದಂತೆ ಕೇಳಿದ, "ಆದ್ರ ಉಸ್ತಾದ್ರ, ಪಿಸ್ತೂಲು ಇಷ್ಟು ಚಲೋ ಇದ್ರ, ನಮ್ಮ ಕರೆಮ್ಮಂದು ಗುರಿ ಯಾಕ ತಪ್ಪಾಕತ್ತದ?"

ಅವನು ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಆದರೆ ಕೋಣೆಯಲ್ಲಿದ್ದವರೆಲ್ಲ ಮಹಾದೇವಪ್ಪನ ಕಡೆ ತಿರುಗಿದರು. ಅಭ್ಯಾಸ ಸಾಲದು ಎನ್ನಬಹುದಿತ್ತು. ಸ್ವಲ್ಪ ದಿನ ಬೇಕು ಎನ್ನಬಹುದಿತ್ತು. ಇಂಥ ಹತ್ತು ಮಾತು ಆಮೇಲೆ ಅವನಿಗೆ ಹೊಳೆದವು. ಆ ಹೊತ್ತಿಗೆ ಅವನು ತಲೆ ತಗ್ಗಿಸಿದ.

ಕರೆಮ್ಮ ಎದ್ದು ನಿಂತಳು. ಸೆರಗಿನಿಂದ ಕೈ ಹೊರಗೆ ತೆಗೆದಳು.

"ಪಿಸ್ತೂಲು ಚಲೋ ಅದರಿ. ಉಸ್ತಾದ್ರು ಬರ್ದದ್ದು ಖರೇ. ನನ್ನ ಕೈ ಹೋಗ್ಯಾದ," ಎಂದಳು. "ಎಲಡು ಬೆರಳು ಪೂರಾ ಸತ್ತಾವ. ನಾ ಇನ್ನ ಬರೂದಿಲ್ರಿ."

ಅವಳು ಹೇಳಿದ ಹಾಗೆಯೇ ಆಯಿತು. ಏಳೆಂಟು ಜೋಡಿ ಕಣ್ಣುಗಳು ಅವಳ ಮುಖ ಬಿಟ್ಟು ಕೈಯನ್ನೇ ನೋಡತೊಡಗಿದವು. ಅವಳು ಅಷ್ಟೂ ಜನರ ನಡುವೆ ಹಾದು ಬಾಗಿಲಿಗೆ ಹೋಗಿ, ಚಪ್ಪಲಿ ಮೆಟ್ಟಿಕೊಂಡು ಹೋದಳು. ಅಖ್ತರಬೇಗಂ ಹಿಂದೆಯೇ ಓಡಿದಳು. ಸ್ವಲ್ಪ ಹೊತ್ತಿಗೆ ಒಬ್ಬಳೇ ತಿರುಗಿ ಬಂದು, ಬೆಂಚಿನ ತುದಿಯಲ್ಲಿ ಕೂತು ಕಣ್ಣೊರೆಸಿಕೊಂಡಳು.

ಪಿಸ್ತೂಲನ್ನು ತೆಗೆದುಕೊಂಡರು. ಸಾಗವಾನಿಯ ಹಿಡಿಕೆ ಬಿಚ್ಚಿ, ಅಖ್ತರಬೇಗಂ ಹಸ್ತಕ್ಕೆ ಬೇರೆ ಹಿಡಿಕೆ ಮಾಡಿಕೊಟ್ಟ ಮಹಾದೇವಪ್ಪ. ಅವಳು ಚಳಿಗಾಲದಲ್ಲಿ ಬೆಂಗಳೂರಿಗೆ ಹೋಗಿ ಹತ್ತೊಂಬತ್ತನೆಯವಳಾಗಿ ಬಂದಳು. ಕೆಟ್ಟದ್ದೇನಲ್ಲ. ಆದರೆ ಯಾರೂ ಫೋಟೋಕ್ಕೆ ಕಟ್ಟು ಹಾಕಿಸಲಿಲ್ಲ. ಕರೆಮ್ಮ ಅರ್ಜಿ ಹಾಕಿ ದೂರದ ಕಾಲುವೆ ಕಚೇರಿಯೊಂದಕ್ಕೆ ವರ್ಗ ಮಾಡಿಸಿಕೊಂಡಳು. ಹೋಗುವ ಮುಂಚೆ ಗೋಡೆಯ ಮೇಲಿನ ತನ್ನ ಫೋಟೋವನ್ನು ಕೇಳಿ ಇಳಿಸಿಕೊಂಡು ಹೋದಳೆಂದು ಮರಿಲಿಂಗಪ್ಪನೇ ಹೇಳಿದ. ಅದಕ್ಕೂ ಮುಂಚೆ ಮಹಾದೇವಪ್ಪ ಎರಡು ಸಲ ಬೋನಾಳಕ್ಕೆ ಹೊರಟು, ಎರಡೂ ಸಲ ಬಸ್ ಸ್ಟ್ಯಾಂಡಿನಿಂದಲೇ ಮನೆಗೆ ತಿರುಗಿದ್ದ.

ಮರುವರ್ಷ ಬೇಸಿಗೆಯ ಮಧ್ಯಾಹ್ನ ಶಹಾಪುರದ ಬಸ್ ಸ್ಟ್ಯಾಂಡಿನಲ್ಲಿ ಅವಳು ಎದುರಿಗೇ ಸಿಕ್ಕಳು. ಕಂಡೂ ಕಾಣದಂತೆ ಹೋಗಬಹುದಾಗಿತ್ತು, ಹೋಗಲಿಲ್ಲ. ಬಂದು ಅವನು ಕೂತಿದ್ದ ಬೆಂಚಿನ ಪಕ್ಕದಲ್ಲಿ ನಿಂತಳು. ಮೈ ಇಳಿದಿತ್ತು.

"ಅರಾಮ ಅದೀರೇನ್ರಿ?"

"ಅದೀನವ್ವ. ಕೈ ಹೆಂಗದ?"

"ಎಡಗೈಲೆ ಬರೂದು ಕಲ್ತೀನ್ರಿ. ಅಕ್ಷರ ಸೊಟ್ಟ ಬರ್ತಾವ."

ಬಂದು ನಿಂತ ಬಸ್ಸೊಂದರ ಹಲಗೆ ಓದಿ, ತನ್ನದಲ್ಲವೆಂದು ಅವಳು ಹಿಂದೆ ಸರಿದಳು. ಆಮೇಲೆ ಅವಳು ಅವನ ಕಡೆ ತಿರುಗದೆಯೇ ಕೇಳಿದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಬಹಳ ದಿನದಿಂದ ತಿಳಿದುಕೊಳ್ಳಬೇಕೆಂದಿದ್ದವಳ ಹಾಗೆ ಕೇಳಿದಳು.

"ಒಂದು ಸುಳ್ಳು ಬರ್ದಿದ್ರ ನಿಮ್ದು ಏನ್ ಹೋಗ್ತಿತ್ರಿ, ಉಸ್ತಾದ್ರ?"

ಮಹಾದೇವಪ್ಪ ಯೋಚಿಸಿದ. ಒಂದು ವರ್ಷದಿಂದ ಯೋಚಿಸಿದ್ದನ್ನೇ ಮತ್ತೊಮ್ಮೆ ಯೋಚಿಸಿದ.

"ಏನೂ ಹೋಗ್ತಿದ್ದಿಲ್ಲವ್ವ," ಎಂದ.

ಅವಳು ಹೂಂ ಎಂದು ತಲೆಯಾಡಿಸಿದಳು. ಅಷ್ಟರಲ್ಲಿ ಅವಳ ಬಸ್ಸು ಬಂತು. ಚೀಲವನ್ನು ಹೆಗಲಿಗೇರಿಸಿ, ಎಡಗೈಯಿಂದ ಕಂಬಿ ಹಿಡಿದು ಹತ್ತಿದಳು. ಕಿಟಕಿಯ ಕಡೆ ಕೂತರೂ ಹೊರಗೆ ನೋಡಲಿಲ್ಲ. ಸುರಪುರದ ಬಸ್ಸೂ ಬಂದು ನಿಂತು, ಕಂಡಕ್ಟರು ಎರಡು ಸಲ ಕೂಗಿದ. ಮಹಾದೇವಪ್ಪ ಬೆಂಚು ಬಿಟ್ಟು ಏಳಲಿಲ್ಲ. ಬಸ್ಸು ಹೊರಟುಹೋಯಿತು.