ಚಿಗರಿಯ ನಡು

ಅಮಸಿದ್ದಪ್ಪ ಲ್ಯಾಪ್‌ಟಾಪಿನ ಮೇಲೆ ಬಾಗಿ ನಾಯಿಯ ಫೋಟೊವನ್ನು ಬಹಳ ಹೊತ್ತು ನೋಡಿದ. ಕನ್ನಡಕ ತೆಗೆದು ಧೋತರದ ಚುಂಗಿನಿಂದ ಒರೆಸಿಕೊಂಡು ಮತ್ತೊಮ್ಮೆ ನೋಡಿದ.

"ಗಿರಮಲ್ಲಪ್ಪಾರ, ಏನೂ ತಿಳ್ಕೋಬ್ಯಾಡ್ರಿ. ನಿಮ್ ನಾಯಿ ಆಗ್ಲೇ ಗಬ್ಬ ಐತಿ."

ಗಿರಮಲ್ಲಪ್ಪನ ಪಕ್ಕ ಕುಳಿತಿದ್ದ ಮೊಮ್ಮಗಳು ಮಾಯಾ ತಟ್ಟನೆ ತಲೆಯೆತ್ತಿದಳು. ಗಲಗಲಿಯಿಂದ ಮುಧೋಳದವರೆಗೆ ಲ್ಯಾಪ್‌ಟಾಪನ್ನು ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬಂದದ್ದು ಈ ಮಾತು ಕೇಳುವುದಕ್ಕೇ?

ಹೊಲ ಹಿನ್ನೀರಿಗೆ ಹೋಗಿ, ಕುರಿಗಳೂ ಒಂದೊಂದಾಗಿ ಕೈಬಿಟ್ಟ ಮೇಲೂ ಅವಳ ಮುತ್ಯಾ ಗಿರಮಲ್ಲಪ್ಪ ಬೇಟೆನಾಯಿಯ ತಳಿಯೊಂದನ್ನು ಬಿಟ್ಟಿರಲಿಲ್ಲ. ಈಗ ಉಳಿದದ್ದು ಹೆಣ್ಣುನಾಯಿ ಚಿಗರಿ ಮಾತ್ರ. ಅದಕ್ಕೂ ವಯಸ್ಸಾಗುತ್ತಿತ್ತು. ಈ ಸಲದ ಬೆದೆ ತಪ್ಪಿದರೆ ತಳಿ ಅಲ್ಲಿಗೆ ಮುಗಿದಂತೆಯೇ. ಗಿಡಗ ಎಂಬ ಅಮಸಿದ್ದಪ್ಪನ ಗಂಡುನಾಯಿಯಂಥದು ಸುತ್ತಲೆಲ್ಲೂ ಇರಲಿಲ್ಲ. ಆದರೆ ಯಾರ್ಯಾರೋ ಬೆರಕೆ ನಾಯಿ ತಂದು ಜಗಳ ತೆಗೆದಾಗಿನಿಂದ ಅವನು ಫೋಟೊ ನೋಡದೆ ಯಾವ ಹೆಣ್ಣುನಾಯಿಯನ್ನೂ ಬರಗೊಡುತ್ತಿರಲಿಲ್ಲ.

"ಗಬ್ಬ? ಯಾರಿಂದ?" ಎಂದ ಮುತ್ಯಾ.

"ಅದನ್ನ ನಾ ಹೆಂಗ ಹೇಳ್ಲಿ? ನಿಮ್ ಓಣ್ಯಾಗ ಎಂತೆಂಥಾವು ಅಡ್ಡ್ಯಾಡ್ತಾವೋ!"

ಮುತ್ಯಾ ಸುಮ್ಮನಾದ. ಮಾಯಾ ಅವನ ಮೌನಗಳ ನಡುವೆಯೇ ಬೆಳೆದವಳು. ಕುರಿಯ ಹಿಂದೆ ನಡೆಯುವಾಗಿನ ಮೌನ ಬೇರೆ, ಉಂಡು ಕಟ್ಟೆಗೆ ಒರಗಿದಾಗಿನದು ಬೇರೆ. ಇದು ಹೊರಡಲೆಂದು ತಲೆಯ ರುಮಾಲು ಬಿಗಿದುಕೊಳ್ಳುವ ಮೌನ. ಹೊಸ್ತಿಲು ದಾಟಿದನೆಂದರೆ, ತಳಿ ಹೋದರೂ ಸರಿ, ಈ ಮನೆಗೆ ಮತ್ತೆ ಕಾಲಿಡುವವನಲ್ಲ.

ಅವಳು ತೆರೆಯನ್ನೇ ದಿಟ್ಟಿಸಿದಳು. ಚಿಗರಿಯ ಹೊಟ್ಟೆ ಖರೆಯೇ ಗಡಿಗೆಯಂತಿತ್ತು. ಆದರೆ ಅದರ ಹಿಂದೆ ನಿಂತ ಹಾಲಿನವನ ಸೈಕಲ್ಲಿನ ಗಾಲಿ? ಅದು ಅಡ್ಡ ಮಲಗಿಸಿದ ಕೋಳಿಮೊಟ್ಟೆಯಂತೆ ಕಾಣುತ್ತಿತ್ತು.

ಆಗ ಅವಳಿಗೆ ಹೊಳೆಯಿತು. ಹೋದ ವಾರ ಲ್ಯಾಪ್‌ಟಾಪು ಕೆಟ್ಟಾಗ ರಿಪೇರಿ ಅಂಗಡಿಯವನು ಎಲ್ಲ ಅಳಿಸಿ ಹೊಸದಾಗಿ ತುಂಬಿಕೊಟ್ಟಿದ್ದ. ಅಂದಿನಿಂದ ಅಕ್ಷರಗಳು ದಪ್ಪಗೆ, ಅಗಲವಾಗಿ ಕಾಣುತ್ತಿದ್ದವು. ಮೊದಲ ದಿನ ಏನೋ ಹೆಚ್ಚುಕಡಿಮೆ ಅನ್ನಿಸಿತ್ತು. ಮರುದಿನ ಅನ್ನಿಸಲಿಲ್ಲ. ಕಣ್ಣು ಎಷ್ಟು ಸುಲಭವಾಗಿ ಒಪ್ಪಿಕೊಂಡುಬಿಡುತ್ತದೆ ಎಂದು ಅವಳಿಗೆ ಈಗ ನಾಚಿಕೆಯಾಯಿತು.

"ಕಾಕಾರ, ಒಂದೀಟ್ ತಡೀರಿ. ಗಿಡಗನ್ನ ಹಿಡ್ಕೊಂಡು ಅಂಗಳದಾಗ ನಿಂದರ್ರಿ. ಒಂದ್ ಫೋಟೊ ತಗೀತೇನಿ."

ಫೋಟೊ ಎಂದರೆ ಅಮಸಿದ್ದಪ್ಪ ಒಲ್ಲೆನ್ನಲಿಲ್ಲ. ಟೊಪ್ಪಿಗೆ ಸರಿಮಾಡಿಕೊಂಡು, ಗಿಡಗನ ಸರಪಳಿ ಹಿಡಿದು ನಿಂತ. ಮಾಯಾ ಕ್ಯಾಮೆರಾದ ಕಾರ್ಡನ್ನು ಲ್ಯಾಪ್‌ಟಾಪಿಗೆ ಹಾಕಿ ಆ ಫೋಟೊ ತೆರೆದಳು.

ಈಗ ಮುತ್ಯಾ ಬಾಗಿ ನೋಡಿದ. ಅವನ ಮೀಸೆ ಮೆಲ್ಲಗೆ ಅಲುಗಿತು.

"ತಮ್ಮಾ ಅಮಸಿದ್ದಪ್ಪಾ, ನಿಮ್ ಗಿಡಗಗ ಎಷ್ಟನೇ ತಿಂಗಳ ನಡದೈತೋ?"

ತೆರೆಯ ಮೇಲೆ ಗಂಡುನಾಯಿ ತುಂಬು ಗಬ್ಬಾಗಿ ನಿಂತಿತ್ತು. ಅಮಸಿದ್ದಪ್ಪ ತಿರುಗಿ ಅಂಗಳದಲ್ಲಿದ್ದ ಗಿಡಗನನ್ನು ನೋಡಿದ. ಚಹಾ ತಂದ ಅವನ ಹೆಂಡತಿ ಸೋಮವ್ವ ಬಗ್ಗಿ ನೋಡಿ, "ಅಯ್ಯ, ಯಾರಿವ್ರು ಸಾವಕಾರ್ರು?" ಎಂದಳು.

"ನಾನ ಬೇ!"

ಅಮಸಿದ್ದಪ್ಪನದು ಜೋಳದ ದಂಟಿನಂಥ ಮೈ. ತೆರೆಯ ಮೇಲಿನವನಿಗೆ ಬಾಗಿಲಿನಷ್ಟು ಅಗಲದ ಎದೆ, ತುಂಬಿದ ಗಲ್ಲ. ಅವನು ಮುಂದೆ ಸರಿದು ತನ್ನನ್ನು ತಾನೇ ಸುಮ್ಮನೆ ನೋಡುತ್ತ ಕುಳಿತ.

"ಇದರ ತೆರಿ ಅಗಲ ಐತ್ರಿ, ಒಳಗಿಂದ ಬರೂ ಚಿತ್ರ ಅಷ್ಟ್ ಅಗಲ ಇಲ್ಲ. ತುಂಬ್ಸಾಕಂತ ಅಡ್ಡ ಜಗ್ಗಾಕತ್ತೈತಿ," ಎಂದಳು ಮಾಯಾ. "ಸರಿ ಮಾಡ್ತೇನಿ."

"ನಾಯಿ ಅಷ್ಟ ಸರಿ ಮಾಡು ತಂಗಿ. ನಾ ಹಿಂಗ ಇರ್ಲಿ."

"ಒಂದ ಸರಿ ಮಾಡಾಕ ಬರೂದಿಲ್ರಿ ಕಾಕಾರ. ಆದ್ರ ಎಲ್ಲಾ ಆಗ್ತಾವು."

ಸೆಟ್ಟಿಂಗಿನಲ್ಲಿ ಹುಡುಕಿದಳು. ಇದ್ದ ಎರಡು ಅಳತೆಗಳಲ್ಲಿ ಒಂದೂ ಈ ತೆರೆಯದಲ್ಲ. ಚಿತ್ರವನ್ನು ತೆರೆಯ ಅಳತೆಗೆ ಹೊಂದಿಸುವ ಡ್ರೈವರ್ ತಂತ್ರಾಂಶ ಹಾಕುವುದನ್ನೇ ಅಂಗಡಿಯವನು ಬಿಟ್ಟಿದ್ದ. ಕೊಳ್ಳುವಾಗ ಕೊಟ್ಟ ಸಿ.ಡಿ. ಬ್ಯಾಗಿನ ಪಕ್ಕದ ಜೇಬಿನಲ್ಲಿ, ಪ್ಲಾಸ್ಟಿಕ್ ಹರಿಯದೆ ಹಾಗೇ ಇತ್ತು. ಹಾಕಿದಳು. ತೆರೆ ಒಮ್ಮೆ ಕಪ್ಪಾಯಿತು.

"ಹೋತೇನ?" ಎಂದಳು ಸೋಮವ್ವ.

ಮುತ್ಯಾನ ಕೈ ಇನ್ನೂ ರುಮಾಲಿನ ಮೇಲೇ ಇತ್ತು.

ಲ್ಯಾಪ್‌ಟಾಪು ಮತ್ತೆ ಶುರುವಾದಾಗ ಅಕ್ಷರಗಳು ಸಣ್ಣಗೆ, ಚೂಪಾಗಿದ್ದವು. ಮಾಯಾ ಚಿಗರಿಯ ಫೋಟೊ ತೆರೆದಳು. ಸೈಕಲ್ಲಿನ ಗಾಲಿ ಬಳೆಯಷ್ಟು ದುಂಡಗಿತ್ತು. ಅದರ ಮುಂದೆ ಚಿಗರಿ: ಆಳವಾದ ಎದೆ, ಹಿಡಿಯಲ್ಲಿ ಹಿಡಿಯಬಹುದಾದ ನಡು, ಬಿಲ್ಲಿನಂತೆ ಬಾಗಿದ ಬೆನ್ನು.

ಅಮಸಿದ್ದಪ್ಪ ಮಾತಾಡಲಿಲ್ಲ. ತೆರೆಗೆ ತಾಗದಂತೆ ಗಾಳಿಯಲ್ಲೇ ಬೆರಳಾಡಿಸುತ್ತ ಕುತ್ತಿಗೆಯಿಂದ ಬಾಲದವರೆಗೂ ಹೋದ. ಈ ಮೌನ ಮಾಯಾಳಿಗೆ ಗೊತ್ತಿತ್ತು. ಮುತ್ಯಾ ಚಿಗರಿಯ ಮೈದಡವುವಾಗ ಇದೇ ಇರುತ್ತಿತ್ತು.

"ನಾಳೆ ಕರ್ಕೊಂಡ್ ಬರ್ರಿ," ಎಂದ ಕೊನೆಗೆ. "ನಾ ಅಂದದ್ದು ಹೊಟ್ಟ್ಯಾಗ ಹಾಕ್ಕೋರಿ."

ಮುತ್ಯಾ ರುಮಾಲು ಬಿಚ್ಚಿ ತೊಡೆಯ ಮೇಲಿಟ್ಟುಕೊಂಡು ಆರಿದ ಚಹಾ ಕುಡಿದ.

ಅಷ್ಟರಲ್ಲಿ ಸೋಮವ್ವ ಗಂಡ ನಿಂತಿದ್ದ ಆ ಇನ್ನೊಂದು ಫೋಟೊವನ್ನು ಮತ್ತೆ ತೆರೆಸಿ ನೋಡಿದ್ದಳು. "ಬಂದ್ರು ನೋಡವ್ವಾ ನಮ್ಮ ಮನಿಯವ್ರು. ಆ ಸಾವಕಾರ್ರು ಹೋದ್ರು!"

ಹೊರಡುವಾಗ ಅಮಸಿದ್ದಪ್ಪ ಬಾಗಿಲವರೆಗೂ ಬಂದು ದನಿ ತಗ್ಗಿಸಿದ. "ತಂಗಿ, ಮೊದಲ ನೋಡಿದ್ವಲ್ಲ, ಅಗಲಾದದ್ದು... ಅದು ಕಾಗದದ ಮ್ಯಾಲ ಬರ್ತೈತೇನು?"

ಮಾಯಾ ಉತ್ತರ ಹುಡುಕುವುದರೊಳಗೆ, ಮೆಟ್ಟಿಲಿಳಿಯುತ್ತಿದ್ದ ಮುತ್ಯಾ ತಿರುಗದೆಯೇ ಹೇಳಿದ:

"ಮಾಡ್ಸಿ ಕೊಡು ಮಗಳ. ನಾಳೆ ಬೀಗರಾಗವ್ರು, ಬಾಯಿ ಬಿಟ್ಟು ಕೇಳ್ಯಾರ."